ಗೋಡೆ ಮೇಲಿನ ಕಾರು ಮನೆಗೆ ಬಂದಾಗ

ಅವರಿಗೆ ಐವತ್ತೈದು ದಾಟಿತ್ತು. ಹನ್ನೆರಡನೇ ವಯಸ್ಸಿನಿಂದ ಒಂದೇ ಕಾರಿನ ಮೇಲೆ ಆಸೆ: ಜಾಗ್ವಾರ್ ಇ-ಟೈಪ್. "ನೋಟ್‌ಬುಕ್ಕಿನ ರಟ್ಟಿಗೆ ಅದರ ಚಿತ್ರ ಅಂಟಿಸಿಕೊಂಡಿದ್ದೆ ಸರ್" ಅಂದರು. ಕೊನೆಗೂ ಒಂದು ಮಾರಾಟಕ್ಕೆ ಸಿಕ್ಕಿತ್ತು, 1961ರದ್ದು. ನೋಡಿ ಹೇಳಿ ಅಂತ ನನ್ನನ್ನು ಕರೆದುಕೊಂಡು ಹೋಗಿದ್ದರು.

ನಾನು ಟಾರ್ಚ್ ಹಿಡಿದು ಕಾರಿನ ಕೆಳಗೆ ನುಸುಳಲಿಲ್ಲ. "ಮೊದಲು ನೀವು ಒಳಗೆ ಕೂತ್ಕೊಳ್ಳಿ" ಅಂದೆ.

ಅವರದು ಎತ್ತರದ ಮೈಕಟ್ಟು. ಹೇಗೋ ಮೈ ಮಡಚಿ ಒಳಗೆ ಸೇರಿಕೊಂಡರು. ತಲೆ ಮೇಲಕ್ಕೆ ತಾಗಿತು. ಮಂಡಿ ಎರಡೂ ಸ್ಟೀರಿಂಗಿನ ಅಂಚಿಗೆ ಬಂದು ನಿಂತವು. ಬ್ರೇಕ್ ಒತ್ತಲು ಹೋದರೆ ಷೂ ಪಕ್ಕದ ಪೆಡಲಿಗೂ ತಗಲುತ್ತಿತ್ತು. ತೆಳ್ಳಗಿನ ಮರದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಇಷ್ಟು ಚಿಕ್ಕದಾ?"

ಹಳೆಯ ಕಾರು, ಸ್ಪೋರ್ಟ್ಸ್ ಕಾರು ಕೊಳ್ಳುವವರ ಪರವಾಗಿ ಹೋಗಿ ಕಾರನ್ನು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ನಾವು ಕಾರಿನ ಮೇಲೆ ಆಸೆಪಡುವುದು ಹೊರಗಿನಿಂದ. ಪೋಸ್ಟರಿನಲ್ಲಿ ಇರುವುದು ಹೊರಗಿನ ಚಿತ್ರ, ರಸ್ತೆಯಲ್ಲಿ ಸರ್ರನೆ ಹೋದದ್ದನ್ನು ನೋಡಿದ್ದೂ ಹೊರಗಿನಿಂದಲೇ. ಕೊಂಡ ಮೇಲೆ ಅದರ ಜೊತೆ ಬಾಳಬೇಕಾದದ್ದು ಒಳಗೆ ಕೂತು. ಇವೆರಡರ ನಡುವಿನ ದೂರವನ್ನು ಹಣ ಕೊಡುವ ಮುಂಚೆಯೇ ಅಳೆಯಬೇಕು ಅನ್ನೋದು ನನ್ನ ಮಾತು.

ಇ-ಟೈಪನ್ನೇ ತೆಗೆದುಕೊಳ್ಳಿ. 1961ರ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಾಗ ಜನ ಮುಗಿಬಿದ್ದರು. ಅಷ್ಟು ಉದ್ದದ ಬಾನೆಟ್, ಗಂಟೆಗೆ 240 ಕಿಲೋಮೀಟರ್ ವೇಗದ ಮಾತು. ಆದರೆ ಮೊದಲ ತಿಂಗಳುಗಳ ಕಾರುಗಳಲ್ಲಿ ಕಾಲಿಡುವ ತಳ ಸಪಾಟಾಗಿತ್ತು. ಎತ್ತರದವರ ಪಾದಕ್ಕೆ ಜಾಗವೇ ಇರಲಿಲ್ಲ. 1962ರಲ್ಲಿ ತಳವನ್ನು ತಗ್ಗಿಸಿದರು. ಆಗಿನ 3.8 ಲೀಟರ್ ಇಂಜಿನಿನ ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಗೇರು ಸದ್ದಿಲ್ಲದೆ ಕೂಡಿಕೊಳ್ಳುವಂತೆ ಮಾಡುವ ಭಾಗ, ಇಲ್ಲ. ಕಾರು ಪೂರ್ತಿ ನಿಲ್ಲದೆ ಫಸ್ಟ್ ಗೇರ್ ಹಾಕಹೋದರೆ ಕರ್ರ್ ಅನ್ನುತ್ತದೆ. 1964ರಲ್ಲಿ 4.2 ಲೀಟರ್ ಇಂಜಿನ್ ಬಂತು. ಅದರ ಜೊತೆ ಎಲ್ಲಾ ಗೇರಿಗೂ ಸಿಂಕ್ರೋ ಇರುವ ಹೊಸ ಗೇರ್‌ಬಾಕ್ಸ್, ಒಳ್ಳೆಯ ಸೀಟು, ಇನ್ನೂ ಚೆನ್ನಾಗಿ ಹಿಡಿಯುವ ಬ್ರೇಕ್ ಬಂದವು. ಸಂಗ್ರಹಕಾರರು ಮೊದಲ ಬ್ಯಾಚಿನ ಕಾರಿಗೆ ಜಾಸ್ತಿ ಬೆಲೆ ಕೊಡುತ್ತಾರೆ, ಅದು ಅವರ ಲೆಕ್ಕ. ಭಾನುವಾರ ಬೆಳಿಗ್ಗೆ ಎದ್ದು ಓಡಿಸಬೇಕು ಅನ್ನುವವರಿಗೆ ನಾನು 4.2 ಲೀಟರಿನದನ್ನೇ ಹುಡುಕಿ ಅನ್ನುತ್ತೇನೆ. ಹೊರಗಿನಿಂದ ನೋಡಿದರೆ ಎರಡೂ ಅದೇ ಇ-ಟೈಪ್ ಅಲ್ವಾ?

ಮರ್ಸಿಡಿಸ್ 300 ಎಸ್‌ಎಲ್ ಕೂಪೆಯದೂ ಇದೇ ಕಥೆ. ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. 1954ರಲ್ಲಿ ಬಂದದ್ದು. ಆ ಬಾಗಿಲನ್ನು ಬರೀ ಚೆಂದಕ್ಕೆ ಹಾಗೆ ಮಾಡಲಿಲ್ಲ. ಕಾರಿನ ಅಸ್ಥಿಪಂಜರ ಸಣ್ಣ ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ್ದು. ಗಟ್ಟಿ ಇರಲಿ ಅಂತ ಅದನ್ನು ಎರಡೂ ಪಕ್ಕದಲ್ಲಿ ಎತ್ತರಕ್ಕೆ ತಂದಿದ್ದರು. ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ, ಹಾಗಾಗಿ ಬಾಗಿಲು ಮೇಲಕ್ಕೆ ಹೋಯಿತು. ಕೂರಬೇಕಾದರೆ ಮೊದಲು ಆ ಅಗಲವಾದ ಹೊಸ್ತಿಲ ಮೇಲೆ ಕೂತು, ಕಾಲು ಎತ್ತಿ ಒಳಗೆ ಹಾಕಿ, ಜಾರಬೇಕು. ಅದಕ್ಕೆ ಅಡ್ಡ ಬರದಿರಲಿ ಅಂತ ಸ್ಟೀರಿಂಗ್ ಕೂಡ ಬಾಗುತ್ತದೆ. ಕಿಟಕಿ ಗಾಜು ಕೆಳಗಿಳಿಯುವುದಿಲ್ಲ, ಬೇಕಿದ್ದರೆ ಬಿಚ್ಚಿಡಬೇಕು. ಬೇಸಿಗೆಯಲ್ಲಿ ಒಳಗೆ ಕುದಿಯುತ್ತದೆ.

ಆ ಕಾರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಪಂಪು ಇಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಕೆಲಸ ಮಾಡುತ್ತಲೇ ಇರುತ್ತದೆ. ಕೀಲಿ ತಿರುಗಿಸಿ ಆಫ್ ಮಾಡಿದ ಮೇಲೂ ಇಂಜಿನ್ ಪೂರ್ತಿ ನಿಲ್ಲುವ ತನಕ ಒಂದಿಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ, ಉರಿಯದೆ ಆಯಿಲಿಗೆ ಇಳಿಯುತ್ತದೆ. ಚಿಕ್ಕ ಚಿಕ್ಕ ದೂರ ಓಡಿಸಿ ನಿಲ್ಲಿಸುತ್ತಿದ್ದರೆ ಆಯಿಲ್ ಬೇಗ ತೆಳ್ಳಗಾಗಿ ಹೋಗುತ್ತದೆ. ಉದ್ದದ ಓಟಕ್ಕೆಂದು ಹುಟ್ಟಿದ ಕಾರನ್ನು ಬೀದಿ ತುದಿಯವರೆಗೆ ತೋರಿಸಿ ತಂದು ಶೆಡ್ಡಿಗೆ ಸೇರಿಸಿದರೆ ಇದೇ ಆಗುವುದು.

1974ರಿಂದ 1990ರವರೆಗೆ ತಯಾರಾದ ಲಂಬೋರ್ಗಿನಿ ಕೌಂಟಾಚ್ ಕೂಡ ಎಷ್ಟೋ ಮಕ್ಕಳ ಕೋಣೆಯ ಗೋಡೆಯಲ್ಲಿತ್ತು. ಅದರಲ್ಲಿ ಹಿಂದೆ ಏನಿದೆ ಅಂತ ಕಾಣುವುದೇ ಕಷ್ಟ. ಅಭ್ಯಾಸ ಇರುವವರು ಬಾಗಿಲು ಮೇಲೆತ್ತಿ, ಹೊಸ್ತಿಲ ಮೇಲೆ ಕೂತು, ಹಿಂದಕ್ಕೆ ತಿರುಗಿ ನೋಡುತ್ತಾ ರಿವರ್ಸ್ ತೆಗೆಯುತ್ತಾರೆ. ನೋಡುವವರಿಗೆ ಅದೊಂದು ಸೊಗಸು. ಕ್ಲಚ್ ಒತ್ತುವ ಎಡಗಾಲಿಗೆ ಬೇರೆಯದೇ ಅಭಿಪ್ರಾಯ ಇರುತ್ತದೆ.

ಫೆರಾರಿ ಎಫ್40 ಮಾತ್ರ ಏನನ್ನೂ ಮುಚ್ಚಿಡದ ಕಾರು, ಅದಕ್ಕೇ ನನಗೆ ಅದರ ಮೇಲೆ ಗೌರವ. 1987ರಲ್ಲಿ ಕಂಪನಿಯ 40ನೇ ವರ್ಷದ ನೆನಪಿಗೆ ಬಂದದ್ದು. 2.9 ಲೀಟರ್, ಎಂಟು ಸಿಲಿಂಡರ್, ಇಂಜಿನಿಗೆ ಗಾಳಿ ಒತ್ತಿ ತುಂಬುವ ಎರಡು ಟರ್ಬೋ, 478 ಅಶ್ವಶಕ್ತಿ. ಒಳಗೆ ಕಾರ್ಪೆಟ್ ಇಲ್ಲ, ರೇಡಿಯೋ ಇಲ್ಲ. ಬಾಗಿಲು ತೆರೆಯಲು ಹಿಡಿಕೆಯ ಬದಲು ಒಂದು ಹಗ್ಗ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಟರ್ಬೋ ಎಚ್ಚರವಾಗುವವರೆಗೆ ಸಾಧು, ಎಚ್ಚರವಾದ ಕ್ಷಣದಲ್ಲಿ ಬೆನ್ನಿಗೆ ಒದ್ದಂತೆ. ಕೂತು ಐದು ನಿಮಿಷದಲ್ಲಿ ನಮಗೆ ಇದು ಆಗುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಇನ್ನು ನನ್ನನ್ನು ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ: ಕಡಿಮೆ ಓಡಿದ ಕಾರು.

"ಸರ್, ಹದಿನೈದು ವರ್ಷದಲ್ಲಿ ಮೂರು ಸಾವಿರ ಕಿಲೋಮೀಟರ್ ಅಷ್ಟೇ ಓಡಿದೆ, ಹೊಸದರ ಹಾಗಿದೆ" ಅಂತ ಒಬ್ಬರು ಸಂಭ್ರಮದಿಂದ ಫೋನ್ ಮಾಡಿದ್ದರು. ಎರಡು ಸೀಟಿನ ಕಾರು, ಕೆಂಪು ಬಣ್ಣ. ಹೋಗಿ ನೋಡಿದೆ. ಬಣ್ಣ ಕನ್ನಡಿಯಂತಿತ್ತು. ಟೈರಿನ ಹಲ್ಲು ಒಂದಿಷ್ಟೂ ಸವೆದಿರಲಿಲ್ಲ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 2303 ಅಂತಿತ್ತು. ಅಂದರೆ 2003ರ 23ನೇ ವಾರ. ಕಾರಿನ ಜೊತೆಗೇ ಬಂದ ಟೈರು! ಉಗುರಿನಿಂದ ಒತ್ತಿದೆ, ಮರದ ಹಾಗೆ ಗಟ್ಟಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಹಳಸಿದ ಪೆಟ್ರೋಲಿನ ವಾರ್ನಿಷ್ ವಾಸನೆ. ಕಾರನ್ನು ಕೈಯಿಂದ ತಳ್ಳಿದರೆ ಹಿಂದಿನ ಚಕ್ರ ಒಂದು ತಿರುಗಲೇ ಇಲ್ಲ, ಬ್ರೇಕ್ ಕಚ್ಚಿಕೊಂಡಿತ್ತು. ಬಾನೆಟ್ ಒಳಗಿನ ಒಂದು ಹೋಸನ್ನು ಮೆಲ್ಲಗೆ ಬಾಗಿಸಿದೆ, ಒಣ ಕಡ್ಡಿಯಂತೆ ಬಿರುಕು ಬಿಟ್ಟಿತು.

ಬೇಡ ಅಂದೆ. ಅವರು ಕೇಳಲಿಲ್ಲ. ಆ ಕೆಂಪು ಅವರನ್ನು ಹಿಡಿದುಬಿಟ್ಟಿತ್ತು. ಆಮೇಲೆ ಎರಡು ವರ್ಷ ಕಾರು ವರ್ಕ್‌ಶಾಪಿನಲ್ಲೇ ಇತ್ತು. ನೆನೆದರೆ ಈಗಲೂ ಬೇಜಾರಾಗುತ್ತದೆ.

ಕಾರು ಓಡಿದರೆ ಸವೆಯುತ್ತದೆ, ನಿಂತರೆ ಕೆಡುತ್ತದೆ. ಸವೆದದ್ದನ್ನು ಅಳೆಯಬಹುದು, ಬದಲಾಯಿಸಬಹುದು. ಕೆಟ್ಟದ್ದು ಒಂದೊಂದಾಗಿ ತಲೆ ಎತ್ತುತ್ತದೆ. ಇಂಜಿನಿನ ಒಳಗೋಡೆಗೆ ಹತ್ತಿದ ಆಯಿಲ್ ಪದರ ತಿಂಗಳುಗಟ್ಟಲೆ ನಿಂತರೆ ಇಳಿದುಹೋಗುತ್ತದೆ, ಬರಿ ಲೋಹಕ್ಕೆ ತೇವ ತಾಗುತ್ತದೆ. ಆಯಿಲಿನಲ್ಲಿ ನೆನೆದಿರಬೇಕಾದ ರಬ್ಬರ್ ಸೀಲುಗಳು ಒಣಗಿ ಕುಗ್ಗುತ್ತವೆ, ಆಮೇಲೆ ಓಡಿಸಿದ ದಿನದಿಂದ ಸೋರಲು ಶುರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರು ಓಡಿರಲಿ ಬಿಡಲಿ, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇಲ್ಲದಿದ್ದರೆ ಒಳಗಿನ ಪಿಸ್ಟನ್ನಿಗೆ ತುಕ್ಕು ಹಿಡಿದು ಬ್ರೇಕ್ ಕಚ್ಚಿಕೊಳ್ಳುತ್ತದೆ. ಇಂಜಿನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿಗೂ ಕಿಲೋಮೀಟರಿನ ಜೊತೆ ವರ್ಷದ ಲೆಕ್ಕ ಇದೆ. ಫೆರಾರಿ ಎಫ್355ರಲ್ಲಿ ಆ ಬೆಲ್ಟ್ ಬದಲಾಯಿಸಬೇಕಾದರೆ ಇಂಜಿನ್ನನ್ನೇ ಹೊರಗೆ ತೆಗೆಯಬೇಕು. "ಓಡೇ ಇಲ್ಲ, ಅದಕ್ಕೇ ಬೆಲ್ಟ್ ಹಾಕಿಸಿಲ್ಲ" ಅಂತ ಮಾರುವವರು ಹೇಳಿದರೆ, ಆ ದೊಡ್ಡ ಕೆಲಸ ನಿಮಗಾಗಿ ಕಾಯುತ್ತಿದೆ ಅಂತ ಅರ್ಥ.

ವಾರಕ್ಕೊಮ್ಮೆ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುತ್ತೇವೆ ಅನ್ನುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಅರ್ಧ ಬಿಸಿಯಾಗಿ ನಿಂತರೆ ಅಲ್ಲೇ ನೀರಾಗಿ ಆಯಿಲಿಗೂ ಸೈಲೆನ್ಸರಿಗೂ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಕೆಳಭಾಗ ನೋಡಿ. ಕೆನೆ ಬಣ್ಣದ ಜಿಡ್ಡು ಅಂಟಿದ್ದರೆ ಎಷ್ಟೋ ಸಲ ಕಾರಣ ಇದೇ. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಅದೇ ಜಿಡ್ಡು ಕಾಣುವುದರಿಂದ, ಅದು ಕಂಡಲ್ಲಿ ನಾನು ಕೂಲಂಟನ್ನೂ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಓಡಿಸುವುದಾದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ ಸ್ಟಾರ್ಟೇ ಮಾಡಬೇಡಿ.

ಕಾರು ನೋಡಲು ಹೋದಾಗ ನಾನು ಮೊದಲು ಮಾಡುವುದು ಬಾನೆಟ್ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ "ನಾಳೆ ಬರುತ್ತೇನೆ, ದಯವಿಟ್ಟು ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ವಾಪಸ್ ಹೊರಡುತ್ತೇನೆ. ಇಂಜಿನ್ ನಿಜ ಹೇಳುವುದು ತಣ್ಣಗಿದ್ದಾಗ. ಮೊದಲ ಹತ್ತು ಸೆಕೆಂಡಿನ ಸದ್ದು, ಹೊಗೆ, ಇವೆರಡರಲ್ಲೇ ಅರ್ಧ ಕಥೆ ಗೊತ್ತಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ತಣ್ಣನೆಯ ಬೆಳಿಗ್ಗೆ ಬಿಳಿ ಆವಿ ಸಹಜ. ಆದರೆ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಸಿಲಿಂಡರಿಗೆ ಸೇರುತ್ತಿದೆ.

ಆಮೇಲೆ ಬಣ್ಣದ ದಪ್ಪ ಅಳೆಯುವ ಮೀಟರ್ ತೆಗೆಯುತ್ತೇನೆ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಆಸುಪಾಸು ಇರುತ್ತದೆ. ಒಂದು ಬಾಗಿಲಲ್ಲಿ ಏಕಾಏಕಿ 800 ಅಂತ ತೋರಿಸಿದರೆ ಒಳಗೆ ಪುಟ್ಟಿ ಇದೆ. ಪುಟ್ಟಿ ಇದೆ ಅಂದರೆ ಪೆಟ್ಟು ಬಿದ್ದಿದೆ, ಇಲ್ಲವೇ ತುಕ್ಕು ಹಿಡಿದಿದೆ. ಇ-ಟೈಪಿನಂಥ ಕಾರುಗಳಲ್ಲಿ ಬಾಗಿಲ ಕೆಳಗಿನ ಹೊಸ್ತಿಲೇ ಇಡೀ ಬಾಡಿಯ ಬೆನ್ನೆಲುಬು. ಅಲ್ಲಿ ತುಕ್ಕಿದ್ದರೆ ಮೇಲಿನ ಹೊಳಪಿಗೆ ಬೆಲೆ ಇಲ್ಲ. ಚಾಸಿಸ್ ನಂಬರು, ಇಂಜಿನ್ ನಂಬರು ಕಾಗದದ ಜೊತೆ ಹೊಂದುತ್ತವೆಯೇ ಅಂತ ನೋಡುವುದು ಎಲ್ಲರಿಗೂ ಗೊತ್ತಿರುವ ಮಾತು. ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡುವವರು ಕಡಿಮೆ. ನಾಲ್ಕೈದು ವರ್ಷ ಒಂದೂ ಬಿಲ್ ಇಲ್ಲದ ಜಾಗ ಸಿಕ್ಕರೆ, ಆಗ ಕಾರು ಎಲ್ಲಿತ್ತು ಅಂತ ಕೇಳಿ.

ನನ್ನನ್ನು ಯಾರಾದರೂ "ನಿಮ್ಮ ಕನಸಿನ ಕಾರು ಯಾವುದು?" ಅಂತ ಕೇಳಿದರೆ ತಡಮಾಡದೆ ಹೇಳುತ್ತೇನೆ: ಗಾಳಿಯಿಂದ ತಣ್ಣಗಾಗುವ ಇಂಜಿನಿನ ಪೋರ್ಷೆ 911. 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅದನ್ನು ತೋರಿಸಿದಾಗ ಹೆಸರು 901 ಅಂತಿತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ನಮ್ಮದು ಅಂತ ಫ್ರಾನ್ಸಿನ ಕಾರು ಕಂಪನಿ ಪ್ಯೂಜೋ ತಕರಾರು ತೆಗೆದ ಮೇಲೆ 911 ಆಯಿತು. ಇಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ. ಆದರೆ ಮುಂದಿನ ಗಾಜಿನಿಂದ ನೋಡಿದರೆ ರಸ್ತೆ ಪೂರ್ತಿ ಕಾಣುತ್ತದೆ, ಸೀಟು ಆತುಕೊಳ್ಳುತ್ತದೆ, ದಿನಾ ಕೆಲಸಕ್ಕೆ ಒಯ್ಯಬಹುದು. ಹಳೆಯವುಗಳಲ್ಲಿ ಒಂದು ಎಚ್ಚರ ಬೇಕು: ತಿರುವಿಗೆ ಜೋರಾಗಿ ನುಗ್ಗಿ, ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಬೀಸಿ ಮುಂದೆ ಬರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಕಾಲು ಸ್ಥಿರವಾಗಿಟ್ಟರೆ ಅದರಷ್ಟು ನಂಬಿಕೆಯ ಕಾರು ಇನ್ನೊಂದಿಲ್ಲ. ಇದನ್ನು ಕಲಿಯಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು.

ಬೆಲೆ ಕೈಗೆ ಎಟುಕದವರಿಗೆ ನಾನು ಮಜ್ದಾ ಎಂಎಕ್ಸ್-5 ಓಡಿಸಿ ನೋಡಿ ಅನ್ನುತ್ತೇನೆ. 1989ರಲ್ಲಿ ಬಂತು, 2016ಕ್ಕೆ ಹತ್ತು ಲಕ್ಷ ತಯಾರಾಗಿದ್ದವು. ಮೊದಲ ಮಾದರಿಗೆ 1.6 ಲೀಟರಿನ ಚಿಕ್ಕ ಇಂಜಿನ್, ತೂಕ ಒಂದು ಟನ್ನಿನ ಆಸುಪಾಸು, ಮೇಲ್ಛಾವಣಿ ಕೈಯಿಂದಲೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಗೇರ್ ಹಾಕುವುದೇ ಒಂದು ಖುಷಿ, ಮಣಿಕಟ್ಟು ಅಲ್ಲಾಡಿಸಿದರೆ ಸಾಕು. ಯಾವ ಗೋಡೆಗೂ ಇದರ ಪೋಸ್ಟರ್ ಅಂಟಿಸಿರಲಿಲ್ಲ ಅಂತ ಜನ ಹಿಂಜರಿಯುತ್ತಾರೆ. ಓಡಿಸಿ ಬಂದ ಮೇಲೆ ಮುಖ ನೋಡಬೇಕು.

ಆ ಇ-ಟೈಪಿನವರು ಆವತ್ತು ಬರಿಗೈಯಲ್ಲಿ ವಾಪಸ್ ಹೋದರು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಒಂಬತ್ತು ತಿಂಗಳ ನಂತರ 4.2 ಲೀಟರಿನದು ಒಂದು ಸಿಕ್ಕಿತು. ಬಣ್ಣ ಅಲ್ಲಲ್ಲಿ ಮಂಕಾಗಿತ್ತು, ಆದರೆ ಹೊಸ್ತಿಲು ಗಟ್ಟಿಯಾಗಿತ್ತು, ಪ್ರತಿ ವರ್ಷದ ಬಿಲ್ಲೂ ಇತ್ತು. ಈ ಸಲ ಒಳಗೆ ಕೂತು ಕಾಲು ಚಾಚಿದರು. ಕ್ಲಚ್ ಒತ್ತಿ ನೋಡಿದರು, ಗೇರ್ ಹಾಕಿ ನೋಡಿದರು, ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ಟಾರ್ಟ್ ಮಾಡ್ಲಾ ಸರ್?" ಅಂತ ಕೇಳಿದರು.

ಪ್ರತಿ ವರ್ಷ ಸರ್ವಿಸಿಗೆ ನನ್ನ ಹತ್ತಿರ ತರುತ್ತಾರೆ. ಹೋದ ಸಲ ಬಂದಾಗ ಚಕ್ರದ ಕಡ್ಡಿಗಳಿಗೆ ಕೆಸರು ಹತ್ತಿತ್ತು. ಚಾಲಕನ ಸೀಟಿನ ಬಲ ಅಂಚಿನ ಚರ್ಮ, ದಿನಾ ಹತ್ತಿ ಇಳಿದು ಇಳಿದು, ಬಿಳಿಚಿಕೊಂಡಿದೆ. ಹೊಸ ಚರ್ಮ ಹಾಕಿಸೋಣವೇ ಅಂತ ಕೇಳಿದೆ. ಬೇಡ ಅಂದರು.