ಮಂಡಿ ಎಂಆರ್‌ಐ: ಕಂಪ್ಯೂಟರ್ ಕೊಟ್ಟ ಮಿಲಿಮೀಟರನ್ನು ಎಷ್ಟು ನಂಬಬಹುದು?

ಮಂಡಿಯ ಕಾರ್ಟಿಲೇಜ್, ಅಂದರೆ ಮೂಳೆ ತುದಿಯ ನುಣುಪು ಪದರ, ಎಷ್ಟು ದಪ್ಪ ಎಂದು ಎಂಆರ್‌ಐ ಚಿತ್ರಗಳಿಂದ ಸಾಫ್ಟ್‌ವೇರ್ ಅಳೆದು ಹೇಳುತ್ತದೆ. ಹಿಂದಿನ ಸ್ಕ್ಯಾನ್‌ನಲ್ಲಿ ಅದು ಸರಾಸರಿ 2.20 ಮಿ.ಮೀ. ಇತ್ತು, ಈಗ 2.15 ಆಗಿದೆ ಎನ್ನೋಣ. ಮಂಡಿ ಸವೆಯಿತು ಎನ್ನುವ ಮುಂಚೆ ಆ ಎರಡು ಸ್ಕ್ಯಾನ್‌ಗಳನ್ನು ಹೇಗೆ ತೆಗೆದರು ಎಂದು ನೋಡಬೇಕು. ವ್ಯತ್ಯಾಸ ಬರೀ 0.05 ಮಿ.ಮೀ., ಅಂದರೆ ಶೇ 2ರಷ್ಟು. ಅಳತೆಯ ದೋಷವೇ ಅಷ್ಟಿರಬಹುದು. ಸಾವಿರಾರು ಬಿಂದುಗಳ ಸರಾಸರಿ ತೆಗೆಯುವುದರಿಂದಲೇ ಇಷ್ಟು ಸೂಕ್ಷ್ಮ ಅಂಕಿ ಸಿಗುವುದು. ಯಾವುದೋ ಒಂದು ಜಾಗದ ದಪ್ಪಕ್ಕೆ ಆ ನಿಖರತೆ ಇರುವುದಿಲ್ಲ.

ಮೊದಲ ತೊಡಕು ಸ್ಲೈಸ್‌ನದು, ಅಂದರೆ ಎಂಆರ್‌ಐ ಮಂಡಿಯನ್ನು ಚಿತ್ರಿಸುವ ಒಂದೊಂದು ಪದರದ ದಪ್ಪದ್ದು. ಅಮೆರಿಕದಲ್ಲಿ 2004ರಲ್ಲಿ ಶುರುವಾದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಎಂಬ ಮಂಡಿ ಸವೆತದ ಅಧ್ಯಯನ 45ರಿಂದ 79 ವಯಸ್ಸಿನ 4,796 ಜನರ ಮಂಡಿಗಳ ಮೇಲೆ ನಡೆಯಿತು. ಅಲ್ಲಿ 3 ಟೆಸ್ಲಾ ಕಾಂತಶಕ್ತಿಯ ಯಂತ್ರದಲ್ಲಿ, 'ಡೆಸ್' ಎಂಬ 3ಡಿ ಸೀಕ್ವೆನ್ಸ್‌ನಲ್ಲಿ (ಚಿತ್ರ ತೆಗೆಯುವ ವಿಧಾನ) 0.7 ಮಿ.ಮೀ. ಸ್ಲೈಸ್ ತೆಗೆದರು. ಎಷ್ಟೋ ಸಾಫ್ಟ್‌ವೇರ್ ಕಲಿತಿರುವುದು ಆ ಚಿತ್ರಗಳಿಂದಲೇ. ಬೆಂಗಳೂರಿನ ಡಯಾಗ್ನೋಸ್ಟಿಕ್ ಸೆಂಟರ್‌ನ ಮಾಮೂಲಿ ಮಂಡಿ ಸ್ಕ್ಯಾನ್ ಸುಮಾರು 3 ಮಿ.ಮೀ. ಸ್ಲೈಸಿನ 2ಡಿ ಚಿತ್ರ. ಸ್ಲೈಸ್ ಹೀಗೆ ದಪ್ಪವಾದರೆ ಮೂಳೆ ಬಾಗುವ ಕಡೆ ಕಾರ್ಟಿಲೇಜ್, ನೀರು, ಮೂಳೆ ಒಂದೇ ಚುಕ್ಕೆಯಲ್ಲಿ ಬೆರೆತು ಗಡಿ ಮಸುಕಾಗುತ್ತದೆ. ಕಂಪ್ಯೂಟರ್ ಅಲ್ಲೂ ಒಂದು ಗೆರೆ ಎಳೆದೇ ಎಳೆಯುತ್ತದೆ. ಹಾಗಾಗಿ ಅಂಕಿಗಿಂತ ಮುಂಚೆ, ಸಾಫ್ಟ್‌ವೇರ್ ಕಾರ್ಟಿಲೇಜ್ ಎಂದು ಹಾಕಿದ ಬಣ್ಣದ ಗುರುತನ್ನು ಸ್ಲೈಸ್ ಸ್ಲೈಸಾಗಿ ತಿರುವಿ ನೋಡುವುದು ರೇಡಿಯಾಲಜಿಸ್ಟರ ಕೆಲಸ. ಅದನ್ನು ಬಿಡಲೇಬಾರದು.

ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ ನೇರ ಸ್ಕ್ಯಾನ್‌ಗೆ ಬಂದರೂ ಅಳತೆ ಬದಲಾಗುತ್ತದೆ. ಭಾರ ಬಿದ್ದ ಕಾರ್ಟಿಲೇಜ್‌ನಿಂದ ನೀರು ಹಿಂಡಿ ಹೋಗಿ ಅದು ಕೊಂಚ ಹೊತ್ತು ತೆಳುವಾಗಿರುತ್ತದೆ. ಅರ್ಧ ಗಂಟೆ ಕಾಲಿಗೆ ಭಾರ ಬೀಳದಂತೆ ಕೂರಿಸಿ ಆಮೇಲೆ ಒಳಗೆ ಕಳಿಸಬೇಕು, ಎರಡೂ ಸಲ.

ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್‌ನ ಅಳತೆ ಇನ್ನೂ ಕಷ್ಟ. ಅದು ಮೂಳೆಯಂಚಿನಿಂದ 3 ಮಿ.ಮೀ. ಅಥವಾ ಹೆಚ್ಚು ಹೊರಗೆ ಜಾರಿದ್ದರೆ ಸಾಮಾನ್ಯವಾಗಿ ಗಣನೀಯ ಎನ್ನುತ್ತೇವೆ. ವಯಸ್ಸಾದ ಮಂಡಿಯಲ್ಲಿ ಮೂಳೆಯಂಚಿಗೆ ಮುಳ್ಳು ಬೆಳೆದಿರುತ್ತದೆ. ಸಾಫ್ಟ್‌ವೇರ್ ಮುಳ್ಳಿನ ತುದಿಯನ್ನೇ ಅಂಚೆಂದುಕೊಂಡರೆ ಜಾರಿದ್ದು ಕಡಿಮೆಯಾಗಿ ಕಾಣುತ್ತದೆ. ಮುಳ್ಳನ್ನು ಬಿಟ್ಟು ಅಳೆಯಬೇಕು. ಇನ್ನು ಮೆನಿಸ್ಕಸ್ ಹರಿದಿದೆ ಎಂದ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಲಾಗದು: ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರ ಮೇಲಿನ 2008ರ ಅಧ್ಯಯನದಲ್ಲಿ ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವು, ಬಿಗಿತ ಏನೂ ಇರಲಿಲ್ಲ.

ವರ್ಷಗಳ ನಡುವೆ ಹೋಲಿಸಬೇಕಿದ್ದರೆ ಅದೇ ಯಂತ್ರ, ಅದೇ ಕಾಯಿಲ್ (ಮಂಡಿಯ ಸುತ್ತ ಇಡುವ, ಸಿಗ್ನಲ್ ಹಿಡಿಯುವ ಸಾಧನ), ಅದೇ ಸೀಕ್ವೆನ್ಸ್, ಅದೇ ಸಾಫ್ಟ್‌ವೇರ್ ಆವೃತ್ತಿ ಬೇಕು. ಆವೃತ್ತಿ ಬದಲಾಗಿದ್ದರೆ ಹಳೆಯ ಸ್ಕ್ಯಾನನ್ನೂ ಹೊಸದರಲ್ಲಿ ಮತ್ತೆ ಅಳೆಯಿಸಿ. ಅದಕ್ಕಾಗಿ ಫಿಲ್ಮ್ ಜೊತೆಗೆ ಡೈಕಾಂ ಫೈಲುಗಳಿರುವ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವ) ಸಿಡಿ ಕೇಳಿ ಇಟ್ಟುಕೊಳ್ಳಿ. ಬರೀ ಫಿಲ್ಮ್‌ನಿಂದ ಈ ಅಳತೆ ಆಗುವುದಿಲ್ಲ.