ಕೆಲ್ವಿನ್ ಅಂದ್ರೆ ಲೈಟಿನ ಪವರ್ ಅಲ್ಲ

"10000 ಕೆಲ್ವಿನ್ ಸಾಕಾಗಲ್ಲ, ಕೋರಲ್ ಇಡ್ತೀರಲ್ಲ, 20000 ಕೆಲ್ವಿನ್ ತಗೊಳ್ಳಿ, ಡಬಲ್ ಪವರ್ ಇರತ್ತೆ." ಮಡಿಕೇರಿಯಲ್ಲಿ ಹೊಸದಾಗಿ ರೀಫ್ ಟ್ಯಾಂಕ್ (ಕೋರಲ್, ಅಂದ್ರೆ ಹವಳ, ಸಾಕೋ ಉಪ್ಪುನೀರಿನ ಅಕ್ವೇರಿಯಂ) ಶುರು ಮಾಡಿರೋ ಒಬ್ಬರಿಗೆ ಇನ್ನೊಬ್ಬರು ಕೊಟ್ಟ ಸಲಹೆ ಇದು, ಈ ಮಾತು ಕೇಳ್ತಾ ಇರೋದು ಇದೇ ಮೊದಲಲ್ಲ. ಲೈಟಿನ ಡಬ್ಬಿ ಮೇಲೂ ವ್ಯಾಟ್ ಪಕ್ಕದಲ್ಲೇ ಈ ಕೆಲ್ವಿನ್ ಸಂಖ್ಯೆನ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ, ನೋಡಿದವರಿಗೆ ಅದು ಬಲದ ಲೆಕ್ಕ ಅಂತಾನೇ ಅನ್ಸತ್ತೆ. ಅಲ್ಲ. ಬೆಳಕು ಯಾವ ಬಣ್ಣದ ಕಡೆ ವಾಲಿದೆ ಅನ್ನೋದಷ್ಟೇ ಕೆಲ್ವಿನ್. ಎಷ್ಟಿದೆ ಅನ್ನೋದರ ಬಗ್ಗೆ ಅದು ಏನೂ ಹೇಳಲ್ಲ.

ಹೆಸರಿಂದಾನೇ ಶುರು ಮಾಡೋಣ. ಕೆಲ್ವಿನ್ ಅನ್ನೋದು ಒಂದು ನದಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಲ್ಲಿ, ಅಲ್ಲಿನ ಯೂನಿವರ್ಸಿಟಿ ಪಕ್ಕದಲ್ಲೇ ಹರಿದು ಕ್ಲೈಡ್ ನದಿ ಸೇರ್ಕೊಳ್ಳತ್ತೆ. ಆ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದ ವಿಲಿಯಂ ಥಾಮ್ಸನ್ 1848ರಲ್ಲಿ ಉಷ್ಣತೆಗೆ ಒಂದು ನಿರಪೇಕ್ಷ ಅಳತೆ ಬೇಕು ಅಂತ ಪ್ರಬಂಧ ಬರೆದ್ರು, ಆಮೇಲೆ 1892ರಲ್ಲಿ ಅವರಿಗೆ ಪ್ರಭು ಪದವಿ ಸಿಕ್ಕಾಗ ಆ ನದಿ ಹೆಸರನ್ನೇ ಇಟ್ಕೊಂಡು ಲಾರ್ಡ್ ಕೆಲ್ವಿನ್ ಆದ್ರು. ಹಾಗಾಗಿ ಮೂಲದಲ್ಲಿ ಇದು ಶಾಖದ ಅಳತೆ. ಸೊನ್ನೆ ಕೆಲ್ವಿನ್ ಅಂದ್ರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅಂದಹಾಗೆ 'ಡಿಗ್ರಿ ಕೆಲ್ವಿನ್' ಅನ್ನೋದನ್ನ 1967ರಲ್ಲೇ ಅಧಿಕೃತವಾಗಿ ಬಿಟ್ಟಾಗಿದೆ, ಬರೀ ಕೆಲ್ವಿನ್ ಅಂದ್ರೆ ಸಾಕು.

ಶಾಖದ ಅಳತೆ ಲೈಟಿನ ಡಬ್ಬಿಗೆ ಯಾಕೆ ಬಂತು? ಕುಲುಮೆಯಲ್ಲಿ ಕತ್ತಿ ಕಾಯಿಸೋದು ನೋಡಿದ್ರೆ ಗೊತ್ತಾಗತ್ತೆ. ಕಬ್ಬಿಣ ಮೊದಲು ಮಂಕು ಕೆಂಪಾಗತ್ತೆ, ಆಮೇಲೆ ಕಿತ್ತಳೆ, ಹಳದಿ, ಇನ್ನೂ ಕಾದ್ರೆ ಬೆಳ್ಳಗೆ. ಕಾದ ವಸ್ತು ಇಷ್ಟು ಶಾಖಕ್ಕೆ ಇಂಥಾ ಬಣ್ಣ ಅಂತ ಲೆಕ್ಕ ಇದೆ, ಅದನ್ನೇ ಬೆಳಕಿನ ಬಣ್ಣಕ್ಕೆ ಹೆಸರಾಗಿ ಬಳಸ್ತಾರೆ. ಹಳೇ ಫಿಲಮೆಂಟ್ ಬಲ್ಬು ಸುಮಾರು 2700, ಸೂರ್ಯನ ಮೇಲ್ಮೈ ಸುಮಾರು 5800. ಕಾದ ವಸ್ತುವಿನ ವಿಷಯದಲ್ಲಿ ಕೆಲ್ವಿನ್ ಏರಿದ ಹಾಗೆ ಬೆಳಕೂ ಜಾಸ್ತಿ ಆಗೋದು ನಿಜ, ಅದೂ ನಾಲ್ಕನೇ ಘಾತದಲ್ಲಿ, ಅಂದ್ರೆ ಶಾಖ ಎರಡರಷ್ಟಾದ್ರೆ ಹೊರಡೋ ಶಕ್ತಿ ಹದಿನಾರರಷ್ಟು. ಗೊಂದಲಕ್ಕೆ ಬೇರು ಇಲ್ಲೇ ಇರೋದು. ಕುಲುಮೆಗೆ ಹೊಂದೋ ನಿಯಮಾನ ಜನ ಎಲ್ಇಡಿಗೆ ಹಚ್ತಾರೆ. ಎಲ್ಇಡಿ ಕಾದು ಬೆಳಗೋ ವಸ್ತುವೇ ಅಲ್ಲ, ಅದರ ಬಣ್ಣ ತೀರ್ಮಾನ ಆಗೋದು ಒಳಗಿರೋ ಎಲೆಕ್ಟ್ರಾನಿಕ್ ಚಿಪ್‌ನ ವಸ್ತು ಮತ್ತೆ ಅದರ ಮೇಲೆ ಹಚ್ಚಿರೋ ಫಾಸ್ಫರ್ ಪುಡಿಯಿಂದ.

ಕಣ್ಣಾರೆ ನೋಡ್ಬೇಕು ಅಂದ್ರೆ ಜನವರಿ ತಿಂಗಳ ಒಂದು ಮೋಡ ಇಲ್ಲದ ಮಧ್ಯಾಹ್ನ ಮನೆ ಹಿಂದೆ ನೆರಳಿಗೆ ಬನ್ನಿ. ಅಂಗಳದ ನೇರ ಬಿಸಿಲು ಸುಮಾರು 5500 ಕೆಲ್ವಿನ್. ನೆರಳಿಗೆ ಬರೀ ನೀಲಿ ಆಕಾಶದ ಬೆಳಕು ಬೀಳೋದ್ರಿಂದ ಅಲ್ಲಿ 10000 ದಾಟಬಹುದು. ಹಾಗಂತ ನೆರಳಲ್ಲಿ ಮೆಣಸು ಒಣಗ್ಸೋಕೆ ಯಾರಾದ್ರೂ ಹೋಗ್ತಾರಾ? ತೋಟದಲ್ಲೂ ಹಾಗೇ, ನೆರಳು ಜಾಸ್ತಿ ಆದ್ರೆ ಮರಗಸಿ ಮಾಡಿಸ್ತೀವಿ (ನೆರಳಿನ ಮರದ ಕೊಂಬೆ ಕಡಿಸ್ತೀವಿ), ಕಾಫಿ ಗಿಡಕ್ಕೆ ಎಷ್ಟು ಬಿಸಿಲು ಬಿತ್ತು ಅಂತ ನೋಡ್ತೀವಿ, ಬಿಸಿಲಿನ ಬಣ್ಣ ಯಾರೂ ಕೇಳಲ್ಲ. ಕೋರಲ್ ಒಳಗೆ ಸಕ್ಕರೆ ಮಾಡ್ಕೊಡೋದೂ ಝೂಕ್ಸಾಂತೆಲ್ಲೆ ಅನ್ನೋ ಸೂಕ್ಷ್ಮ ಪಾಚಿನೇ, ಅದಕ್ಕೂ ಮೊದಲು ಬೇಕಾಗಿರೋದು 'ಎಷ್ಟು'.

ಈ 10000, 14000, 20000 ಅನ್ನೋ ಸಂಖ್ಯೆಗಳು ಹವ್ಯಾಸಕ್ಕೆ ಬಂದದ್ದು ಎಲ್ಇಡಿಗಿಂತ ಮುಂಚಿನ ಮೆಟಲ್ ಹಾಲೈಡ್ ಬಲ್ಬುಗಳ ಕಾಲದಲ್ಲಿ. ಅಲ್ಲೂ ಲೆಕ್ಕ ಉಲ್ಟಾನೇ ಇತ್ತು: ಅದೇ 250 ವ್ಯಾಟಿನಲ್ಲಿ ಹಳದಿಗೆ ವಾಲಿದ 6500ರ ಬಲ್ಬು ಸಾಮಾನ್ಯವಾಗಿ ನೀಲಿ 20000ಕ್ಕಿಂತ ಹೆಚ್ಚು ಬೆಳಕು ಕೊಡ್ತಿತ್ತು, ಜನ 20000 ಹಾಕ್ತಿದ್ದದ್ದು ಕೋರಲ್ ಬಣ್ಣ ಚೆನ್ನಾಗಿ ಕಾಣತ್ತೆ ಅಂತ. ಬಲ್ಬು ಹೋಯ್ತು, ಸಂಖ್ಯೆ ಮಾತ್ರ ಎಲ್ಇಡಿ ಡಬ್ಬಿಗೆ ಅಂಟ್ಕೊಂಡು ಉಳೀತು. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ, ಒಂದು ವಸ್ತುವನ್ನ ಎಷ್ಟೇ ಕಾಯಿಸಿದ್ರೂ ಅದರ ಬಣ್ಣ ಒಂದು ತೆಳು ನೀಲಿಗೆ ಬಂದು ನಿಲ್ಲತ್ತೆ, 450 ನ್ಯಾನೋಮೀಟರಿನ (ಬೆಳಕಿನ ತರಂಗಾಂತರದ ಅಳತೆ ಇದು) ಗಾಢ ರಾಯಲ್ ಬ್ಲೂ ತನಕ ಯಾವ ಶಾಖಕ್ಕೂ ಹೋಗಲ್ಲ. ಅಂದ್ಮೇಲೆ ಮುಕ್ಕಾಲು ಪಾಲು ರಾಯಲ್ ಬ್ಲೂ ಇರೋ ರೀಫ್ ಲೈಟಿಗೆ ಕೆಲ್ವಿನ್ ಸಂಖ್ಯೆ ಕೊಡೋದಕ್ಕೇ ಅರ್ಥ ಇಲ್ಲ. ಬಿಳಿ ಎಲ್ಇಡಿಗೆ 6500 ಅಂತ ಬರೆದ್ರೆ ಒಪ್ಕೋಬಹುದು, ಇಡೀ ಲೈಟ್ ಸೆಟ್ಟಿಗೆ 20000 ಅಂತ ಬರೆದಿದ್ರೆ ಅದು 'ನೀಲಿ ಜಾಸ್ತಿ' ಅನ್ನೋದಕ್ಕೆ ಇಟ್ಟಿರೋ ಹೆಸರು ಅಷ್ಟೇ.

ಕೇಳ್ಬೇಕಾದ ಪದ ಪಾರ್. 400ರಿಂದ 700 ನ್ಯಾನೋಮೀಟರ್ ಒಳಗಿನ, ದ್ಯುತಿಸಂಶ್ಲೇಷಣೆಗೆ ಒದಗೋ ಬೆಳಕು. ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಫೋಟಾನ್ ಬಿತ್ತು ಅಂತ ಅಳೀತಾರೆ. ನಡುಮಧ್ಯಾಹ್ನದ ಸುಡುಬಿಸಿಲು ಸುಮಾರು 2000. ಮಶ್ರೂಮ್, ಝೋವಾಂಥಿಡ್, ಲೆದರ್ ತರದ ಸಾಫ್ಟ್ ಕೋರಲ್‌ಗೆ 50ರಿಂದ 150 ಇದ್ರೆ ಚೆನ್ನಾಗಿ ಇರತ್ತೆ, ಅಕ್ರೋಪೋರಾ ತರದ ಕವಲೊಡೆಯೋ ಗಟ್ಟಿ ಹವಳ 200ರಿಂದ 350 ಕೇಳತ್ತೆ. (ಗಟ್ಟಿ ಹವಳ ಎಲ್ಲಾ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ನಮ್ಮ ಸಮುದ್ರದಿಂದ ಕಿತ್ತು ತರೋ ಯೋಚನೆನೇ ಬೇಡ.)

ಮೊಬೈಲಿನ ಲಕ್ಸ್ ಆ್ಯಪ್ ಹಿಡ್ಕೊಂಡು ಪಾರ್ ಅಳೀತೀನಿ ಅನ್ನೋರಿಗೂ ಒಂದು ಮಾತು. ಲ್ಯೂಮೆನ್, ಲಕ್ಸ್ ಎರಡೂ ಮನುಷ್ಯನ ಕಣ್ಣಿಗೆ ತಕ್ಕ ಹಾಗೆ ಮಾಡಿರೋ ಅಳತೆ, ನಮ್ಮ ಕಣ್ಣು 555 ನ್ಯಾನೋಮೀಟರಿನ ಹಸಿರಿಗೆ ಚುರುಕು. ಅಷ್ಟೇ ಶಕ್ತಿಯ 450ರ ನೀಲಿ ಬೆಳಕು ಆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಆದ್ರೆ ಝೂಕ್ಸಾಂತೆಲ್ಲೆ ಒಳಗಿರೋ ಕ್ಲೋರೋಫಿಲ್ ಚೆನ್ನಾಗಿ ಹೀರ್ಕೊಳ್ಳೋದು ಅದೇ ನೀಲಿನ. ಕಣ್ಣಿಗೆ ಮಂಕಾಗಿ ಕಂಡ ಲೈಟು ಕೋರಲ್‌ನ ಸುಟ್ಟು ಬೆಳ್ಳಗೆ ಮಾಡೋದು ಹೀಗೆ. ಹಳೇ ಪಾರ್ ಮೀಟರುಗಳೂ ನೀಲಿಯನ್ನ ಕಮ್ಮಿ ತೋರಿಸ್ತಿದ್ವು, ಅಪೋಜಿ ಕಂಪನಿಯ 500 ಸರಣಿಯಂತಾ ಫುಲ್ ಸ್ಪೆಕ್ಟ್ರಮ್ ಸೆನ್ಸರ್ ಆದ್ರೆ ನಂಬಬಹುದು. ನಾಲ್ಕೈದು ಜನ ಸೇರಿ ಒಂದು ತಗೊಂಡು ಸರದಿಯಲ್ಲಿ ಬಳಸಿದ್ರೂ ಆಯ್ತು, ದಿನಾ ಬೇಕಾಗೋ ವಸ್ತು ಅಲ್ಲ ಅದು.

ಲೈಟ್ ತಗೊಳ್ಳೋವಾಗ ಹಾಗಾದ್ರೆ ಕೆಲ್ವಿನ್ ಬಿಟ್ಟು ಇದನ್ನ ಕೇಳಿ: ನನ್ನ ಟ್ಯಾಂಕಿನ ಅಗಲಕ್ಕೆ, ಇಷ್ಟು ಎತ್ತರದಲ್ಲಿ ನೇತು ಹಾಕಿದ್ರೆ, ತಳದಲ್ಲಿ ಎಷ್ಟು ಪಾರ್, ಮೂಲೆಯಲ್ಲಿ ಎಷ್ಟು. ಒಳ್ಳೇ ಕಂಪನಿಗಳು ಇದರ ನಕ್ಷೆ ಕೊಡ್ತಾವೆ, ಕೊಡದವರ 20000ನ್ನ ಲೆಕ್ಕಕ್ಕೇ ತಗೋಬೇಡಿ. ನೀವೇ ಮಾಡ್ಕೊಳ್ಳೋದಾದ್ರೆ ಎಲ್ಇಡಿ ಚಿಪ್‌ಗಳನ್ನ ನ್ಯಾನೋಮೀಟರ್ ನೋಡಿ ಆರಿಸಿ, 450ರ ರಾಯಲ್ ಬ್ಲೂ ಹೆಚ್ಚು, 470ರ ಬ್ಲೂ ಮತ್ತೆ 420ರ ವಯಲೆಟ್ ಸ್ವಲ್ಪ, ಬಿಳಿ ನಿಮ್ಮ ಕಣ್ಣಿಗೆ ಹಿತ ಆಗೋಷ್ಟು. ನೀಲಿಗೂ ಬಿಳಿಗೂ ಬೇರೆ ಬೇರೆ ಕಾನ್ಸ್ಟಂಟ್ ಕರೆಂಟ್ ಡ್ರೈವರ್ (ಎಲ್ಇಡಿಗೆ ಒಂದೇ ಸಮ ಕರೆಂಟ್ ಕೊಡೋ ಸಾಧನ) ಇರ್ಲಿ, ಡಿಮ್ ಮಾಡೋ ಹಾಗಿರ್ಲಿ. ಬಿಸಿ ಹೊರಹಾಕೋ ಲೋಹದ ಹೀಟ್ ಸಿಂಕ್ ದೊಡ್ಡದೇ ಹಾಕಿ, ಫ್ಯಾನ್ ನಂಬ್ಕೋಬೇಡಿ, ನಮ್ಮ ಮಳೆಗಾಲದ ಥಂಡಿ ಗಾಳಿಗೆ ಟ್ಯಾಂಕಿನ ಉಪ್ಪು ಸೇರಿದ್ರೆ ಸಣ್ಣ ಫ್ಯಾನುಗಳು ತುಕ್ಕು ಹಿಡ್ದು ನಿಲ್ತಾವೆ. ಜೂನ್, ಜುಲೈಯಲ್ಲಿ ಮರ ಬಿದ್ದು ದಿನಗಟ್ಲೆ ಕರೆಂಟ್ ಹೋದಾಗ ಇನ್ವರ್ಟರನ್ನ ಲೈಟಿಗೆ ಕೊಡೋಕೆ ಹೋಗ್ಬೇಡಿ, ವೇವ್‌ಮೇಕರಿಗೆ (ಟ್ಯಾಂಕಿನ ನೀರು ಅಲೆಯಾಡಿಸೋ ಪಂಪಿಗೆ) ಕೊಡಿ. ಕೋರಲ್ ಒಂದೆರಡು ದಿನ ಕತ್ತಲೆ ತಡ್ಕೊಳ್ಳತ್ತೆ, ಆಮ್ಲಜನಕ ಇಲ್ದೆ ತಡ್ಕೊಳ್ಳಲ್ಲ.

ಹೊಸ ಲೈಟ್ ಯಾವುದೇ ಆಗ್ಲಿ ಮೂವತ್ತು ನಲವತ್ತು ಪರ್ಸೆಂಟಿಗೆ ಇಟ್ಟು ವಾರಗಟ್ಲೆ ನಿಧಾನಕ್ಕೆ ಏರಿಸಿ, ಏರಿಸಿದ ಹಾಗೆಲ್ಲಾ ಪಾರ್ ಮೀಟರ್ ನೀರಿಗೆ ಇಳಿಸಿ ನೋಡಿ, ಬಣ್ಣ ಬಿಳಿಚ್ಕೊಳ್ತಿದೆ ಅನ್ಸಿದ್ರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.