ಹಂಪಿಯ ಮೊದಲ ದಿನ ಸಂಜೆ ನಾಲ್ಕೂವರೆಗೆ ಶುರು

ಬಳ್ಳಾರಿ ಸೀಮೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ತಮಾಷೆಯೊಂದಿದೆ. ಪ್ರವಾಸಕ್ಕೆ ಬಂದವರು ಇದನ್ನು ಕೇಳಿ ಚೆನ್ನಾಗಿ ನಗುತ್ತಾರೆ. ಆಗ ಬೆಳಿಗ್ಗೆ ಎಂಟು ಗಂಟೆ, ಹೊಸಪೇಟೆಯ ಹೋಟೆಲಿನಲ್ಲಿ ಎದುರಿಗೆ ಬಿಸಿ ಇಡ್ಲಿ ಇರುತ್ತದೆ. ಹನ್ನೊಂದರ ಹೊತ್ತಿಗೆ ನಗುವವರು ಯಾರೂ ಉಳಿದಿರುವುದಿಲ್ಲ.

ಹಂಪಿಯಲ್ಲಿ ಮಾರ್ಗದರ್ಶಿಯಾಗಿ ಹತ್ತೊಂಬತ್ತು ಬೇಸಿಗೆ ಕಳೆದಿದ್ದೇನೆ. ಕೃಷ್ಣದೇವರಾಯನ ಕಥೆ ಹೇಳುವುದು ನನ್ನ ಕೆಲಸವೆಂದು ಜನ ತಿಳಿದಿದ್ದಾರೆ. ನವೆಂಬರಿನಲ್ಲಿ ಅದು ನಿಜ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಮಾಡುವ ಮುಖ್ಯ ಕೆಲಸ ಮೂವತ್ತು ಜನರಿಗೆ ನೆರಳು ಹುಡುಕಿಕೊಡುವುದು. ಅದರಲ್ಲೂ ಗುಂಪು ಬಂದಿಳಿದ ಮೊದಲ ದಿನ.

ಮೊದಲ ದಿನವೇ ಏಕೆ? ಗುಂಪು ಹೇಗೆ ಬರುತ್ತದೆ ನೋಡಿ. ಬೆಂಗಳೂರಿನಿಂದ ರಾತ್ರಿ ರೈಲು. ಹಾಡು, ಅಂತ್ಯಾಕ್ಷರಿ, ಅಪರಿಚಿತರ ಗೊರಕೆ, ನಿದ್ದೆ ಅರೆಬರೆ. ನಡುರಾತ್ರಿ ಎದ್ದು ಶೌಚಾಲಯಕ್ಕೆ ಹೋಗುವ ತಾಪತ್ರಯ ಬೇಡವೆಂದು ಹಿರಿಯರು ಸಂಜೆಯಿಂದಲೇ ನೀರು ಕಡಿಮೆ ಮಾಡಿರುತ್ತಾರೆ. ಬೆಳಿಗ್ಗೆ ಏಳರ ಸುಮಾರಿಗೆ ಹೊಸಪೇಟೆಯಲ್ಲಿ ಇಳಿದಾಗಲೇ ದೇಹ ಒಣಗಿರುತ್ತದೆ. ಸ್ನಾನ, ತಿಂಡಿ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ಎಲ್ಲ ಮುಗಿದು ಬಸ್ಸು ಹೊರಡುವಾಗ ಹತ್ತು. ಅಂದರೆ ಬಂಡೆಗಳು ಕಾಯಲು ಶುರುವಾಗಿ ಎರಡು ತಾಸಾದ ಮೇಲೆ ನಾವು ಅವುಗಳ ನಡುವೆ ಕಾಲಿಡುತ್ತೇವೆ.

ಇನ್ನೊಂದು ಸಂಗತಿ ಇದೆ. ಸೆಕೆಗೆ ಹೊಂದಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು. ಹೊಂದಿಕೊಂಡ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಕಳೆಯುವ ಉಪ್ಪೂ ಕಡಿಮೆ. ಕಮಲಾಪುರದ ಹೊಲದಲ್ಲಿ ದುಡಿಯುವವರಿಗೆ ಅದು ಮಾರ್ಚ್ ಮುಗಿಯುವಷ್ಟರಲ್ಲಿ ಬಂದಿರುತ್ತದೆ. ಸುಮಾರು 920 ಮೀಟರ್ ಎತ್ತರದ ಊರಿನಿಂದ ಒಂದೇ ರಾತ್ರಿಯಲ್ಲಿ ಇಲ್ಲಿಗೆ ಇಳಿದು ಬಂದವರಿಗೆ ಅದು ಇರುವುದಿಲ್ಲ. ಎರಡು ದಿನದ ಪ್ರವಾಸದಲ್ಲಿ ಬರುವುದೂ ಇಲ್ಲ.

ಮೊಬೈಲ್ ನೋಡಿ 'ಬರೀ ಮೂವತ್ತೊಂಬತ್ತು' ಎನ್ನುವವರಿಗೆ ಒಂದು ಮಾತು. ಹವಾಮಾನದವರು ಉಷ್ಣಾಂಶ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಮೇಲೆ. ನಾವು ಓಡಾಡುವುದು ಬಿಸಿಲಿನಲ್ಲಿ, ಗ್ರಾನೈಟಿನ ಮೇಲೆ. ಮೇಲಿನಿಂದ ಸೂರ್ಯ ಕಾಯಿಸಿದರೆ ಕೆಳಗಿನಿಂದ, ಪಕ್ಕದಿಂದ ಕಲ್ಲು ಕಾಯಿಸುತ್ತದೆ. ಸಾಲದೆಂಬಂತೆ ಒಣ ಗಾಳಿ ಬೆವರನ್ನು ಅಲ್ಲಲ್ಲೇ ಆರಿಸಿಬಿಡುತ್ತದೆ. ಮಂಗಳೂರಿನವರಿಗೆ ಇದು ಅರ್ಥವಾಗುವುದೇ ಇಲ್ಲ. 'ನಮ್ಮಲ್ಲಿ ಅಂಗಿ ಒದ್ದೆಯಾಗುತ್ತದೆ, ಇಲ್ಲಿ ಬೆವರೇ ಇಲ್ಲ, ಹಾಯಾಗಿದೆ' ಎನ್ನುತ್ತಾರೆ. ಬೆವರು ಹರಿಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ನಾನಿದನ್ನು ಕಲಿತದ್ದು ತಡವಾಗಿ, ಒಬ್ಬ ನಿವೃತ್ತ ಶಿಕ್ಷಕಿಯಿಂದ. ಏಪ್ರಿಲ್ ಎರಡನೆಯ ವಾರ, ಮೂವತ್ತೆರಡು ಜನರ ಗುಂಪು. ಪ್ರವಾಸ ಸಂಸ್ಥೆಯವರು ಕೊಟ್ಟ ಪಟ್ಟಿಯಲ್ಲಿ ಮೊದಲ ದಿನ ಬೆಳಿಗ್ಗೆಗೇ ವಿಜಯವಿಠ್ಠಲ ದೇವಸ್ಥಾನವಿತ್ತು. ಪಟ್ಟಿ ಬದಲಿಸುವ ಅಧಿಕಾರ ನನಗಿತ್ತು, ಬದಲಿಸಲಿಲ್ಲ. ವಾಹನ ನಿಲ್ದಾಣದಿಂದ ಗುಡಿಗೆ ಒಂದು ಕಿಲೋಮೀಟರ್. ಬ್ಯಾಟರಿ ವಾಹನಕ್ಕೆ ಬಿಸಿಲಿನಲ್ಲೇ ಸಾಲು ನಿಂತೆವು. ಆ ಶಿಕ್ಷಕಿ ಸಾಲಿನುದ್ದಕ್ಕೂ ನನ್ನ ಕನ್ನಡ ತಿದ್ದುತ್ತಿದ್ದರು. 'ವಿಠಲ ಅಲ್ಲಪ್ಪ, ಠಕಾರಕ್ಕೆ ಒತ್ತು ಕೊಡು' ಎಂದು ಒಮ್ಮೆ. ಕಲ್ಲಿನ ರಥದ ಮುಂದೆ ನಾನು ಬೇಕೆಂದೇ ಒಂದು ತಪ್ಪು ಮಾಡಿದೆ. ಅವರು ತಿದ್ದಲಿಲ್ಲ. ರಥದ ಚಕ್ರವನ್ನೇ ನೋಡುತ್ತಾ ನಿಂತಿದ್ದರು. ಮುಖ ಬಿಳಿಚಿ, ತುಟಿಯ ಸುತ್ತ ತೆಳುವಾದ ಉಪ್ಪಿನ ಗೆರೆ ಮೂಡಿತ್ತು. 'ಅಮ್ಮ, ನೀರು ಕುಡಿದಿರಾ?' ಎಂದರೆ, 'ಬಸ್ಸು ಎಷ್ಟು ಗಂಟೆಗಪ್ಪ?' ಎಂದರು. ಕೈಚೀಲದಲ್ಲಿದ್ದ ಬಾಟಲಿಯ ಮುಚ್ಚಳದ ಮೊಹರು ಇನ್ನೂ ಒಡೆದಿರಲಿಲ್ಲ.

ಕಲ್ಯಾಣ ಮಂಟಪದ ನೆರಳಿನಲ್ಲಿ ಮಲಗಿಸಿ ಕಾಲು ಎತ್ತರಿಸಿದೆವು. ಟವೆಲ್ ನೆನೆಸಿ ಕತ್ತಿಗೆ, ಕಂಕುಳಿಗೆ ಒತ್ತಿ, ಯಾರದೋ ರಟ್ಟಿನ ನಕ್ಷೆಯಿಂದ ಗಾಳಿ ಹಾಕಿದೆವು. ಪೂರ್ತಿ ಎಚ್ಚರವಾದ ಮೇಲೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಅರ್ಧ ತಾಸಿಗೆ ಚೇತರಿಸಿಕೊಂಡರು. ಹೊಸಪೇಟೆಯ ವೈದ್ಯರು ಇದು ಬಿಸಿಲಿನ ಬಳಲಿಕೆ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಬೇರೆ ಕಥೆಯಾಗುತ್ತಿತ್ತು ಎಂದರು. ರಕ್ತದೊತ್ತಡಕ್ಕಾಗಿ ಅವರು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಿಷಯ ನನಗೆ ತಿಳಿದದ್ದು ಆಗ. ಈಗ ಬಸ್ಸು ಹತ್ತುವ ಮೊದಲೇ ಕೇಳುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ, ಆಗಲಿ. ಅಂಥ ಮಾತ್ರೆ ನುಂಗುವವರು ಊರು ಬಿಡುವ ಮೊದಲೇ ತಮ್ಮ ವೈದ್ಯರನ್ನು ಒಂದು ಮಾತು ಕೇಳಿ ಬರುವುದು ಒಳ್ಳೆಯದು.

ಬಳಲಿಕೆಗೂ ಬಿಸಿಲಾಘಾತಕ್ಕೂ ಇರುವ ವ್ಯತ್ಯಾಸ ಗುಂಪಿನ ನಾಯಕನಿಗೆ ಗೊತ್ತಿರಲೇಬೇಕು. ತಲೆಸುತ್ತು, ವಾಕರಿಕೆ, ಸುಸ್ತು ಇದ್ದು ಮಾತು ಸರಿಯಿದ್ದರೆ ನೆರಳು, ನೀರು, ಉಪ್ಪು, ವಿಶ್ರಾಂತಿ. ಮಾತು ತೊದಲಿದರೆ, ಅಸಂಬದ್ಧವಾದರೆ, ಪ್ರಜ್ಞೆ ತಪ್ಪಿದರೆ ದೇಹದೊಳಗಿನ ಶಾಖ 40 ಡಿಗ್ರಿ ದಾಟಿರಬಹುದು. ಆಗ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಆ ದಿನದಿಂದ ನಾನು ಗೊಣಗುವವರ ಬಗ್ಗೆ ಚಿಂತಿಸುವುದನ್ನು ಬಿಟ್ಟಿದ್ದೇನೆ. ಬಿಸಿಲಿಗೆ ಬೈಯುವಷ್ಟು ಚೈತನ್ಯವಿದ್ದವರು ಕ್ಷೇಮವಾಗಿರುತ್ತಾರೆ. ಬೆಳಗಿನಿಂದ ವಟಗುಟ್ಟುತ್ತಿದ್ದವರು ಸುಮ್ಮನಾದರೆ ಹತ್ತಿರ ಹೋಗಿ ಹೆಸರು, ಊರು ಕೇಳುತ್ತೇನೆ.

ಓಆರ್‌ಎಸ್ ಎಂದೆನಲ್ಲ, ಅದರಲ್ಲೂ ಜನ ಎಡವುತ್ತಾರೆ. ಔಷಧ ಅಂಗಡಿಯ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅದನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಏರುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಆದೀತು. ಎಳನೀರೂ ಸರಿ, ಪಾನಕವೂ ಸರಿ. ನೀರು ಸಾಕಾಗಿದೆಯೇ ಎಂಬುದನ್ನು ಮೂತ್ರದ ಬಣ್ಣವೇ ಹೇಳುತ್ತದೆ. ಶೌಚಾಲಯ ಎಲ್ಲೆಲ್ಲಿದೆ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಹೆಂಗಸರು ತಾವಾಗಿಯೇ ನೀರು ಕುಡಿಯುತ್ತಾರೆ ಎಂಬುದು ನನ್ನ ಅನುಭವ. ಗಂಡಸರ ಸಮಸ್ಯೆ ಬೇರೆ. ಕೊಡೆ ಹಿಡಿಯಲು ಅವರಿಗೆ ನಾಚಿಕೆ.

ಹಂಪಿಯ ನಕ್ಷೆ ಎಲ್ಲರ ಕೈಯಲ್ಲೂ ಇರುತ್ತದೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ನೆರಳಿನ ನಕ್ಷೆ. ಮಹಾನವಮಿ ದಿಬ್ಬದ ಮೇಲೆ ಒಂದು ಕೊಡೆಯಷ್ಟು ನೆರಳೂ ಇಲ್ಲ. 6.7 ಮೀಟರ್ ಎತ್ತರದ ಉಗ್ರನರಸಿಂಹನ ತಲೆಯ ಮೇಲೆ ಸೂರಿಲ್ಲ. ಪಕ್ಕದ ಬಡವಿಲಿಂಗದ ಬುಡದಲ್ಲಿ ಕಾಲುವೆಯ ನೀರು ನಿಂತಿದೆ, ಆದರೆ ಅಲ್ಲೂ ಮೇಲೆ ಬಯಲು. ಇವೆಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಹಜಾರರಾಮ ಗುಡಿಯ ಒಳಗೆ ನುಣುಪಾದ ಕಪ್ಪು ಕಂಬಗಳ ನಡುವೆ ಹತ್ತೂವರೆಗೂ ನಿಲ್ಲಬಹುದು. ರಾಣಿಯರ ಸ್ನಾನಗೃಹದ ಕೊಳಕ್ಕೆ ಆಕಾಶವೇ ಸೂರು, ಸುತ್ತಲಿನ ಕಮಾನಿನ ಓಣಿ ಮಾತ್ರ ತಂಪು. ನೆಲಮಟ್ಟಕ್ಕಿಂತ ಕೆಳಗಿರುವ ಶಿವಾಲಯಕ್ಕೆ ಮೆಟ್ಟಿಲಿಳಿದರೆ ಹವೆಯೇ ಬದಲಾಗುತ್ತದೆ. ಗಜಶಾಲೆಯ ಹನ್ನೊಂದು ಕೋಣೆಗಳ ದಪ್ಪ ಗೋಡೆ ಆನೆಗಳಿಗೆ ಕೊಟ್ಟ ಸೌಖ್ಯವನ್ನು ನಮಗೂ ಕೊಡುತ್ತದೆ. ಈ ಊರನ್ನು ಕಟ್ಟಿದವರಿಗೆ ಬಿಸಿಲು ಗೊತ್ತಿತ್ತು. ವಿರೂಪಾಕ್ಷ ಬಜಾರಿನ ಎರಡೂ ಬದಿಯ ಸಾಲು ಮಂಟಪಗಳಲ್ಲಿ ಒಂದು ನಿಮಿಷ ಕೂತು ನೋಡಿ. ದಾರಿಯಲ್ಲಿ ಅರವಟ್ಟಿಗೆ ಇಡಿಸುವುದು ಪುಣ್ಯದ ಕೆಲಸವಾದದ್ದು ಸುಮ್ಮನೆ ಅಲ್ಲ.

ಹಾಗಾಗಿ ಮೊದಲ ದಿನದ ನನ್ನ ಕ್ರಮ ಹೀಗೆ. ರೈಲಿಳಿದವರು ಕೋಣೆಗೆ ಹೋಗಿ ತಿಂಡಿ ತಿಂದು ಮಲಗಬೇಕು. ನಾಲ್ಕೂವರೆಗೆ ಬಸ್ಸು. ವಿರೂಪಾಕ್ಷನ ಗುಡಿಯಲ್ಲಿ ಚಪ್ಪಲಿ ಬಿಡಬೇಕಾದ್ದರಿಂದ ಎಲ್ಲರ ಚೀಲದಲ್ಲೂ ಒಂದು ಜೊತೆ ಹತ್ತಿಯ ಕಾಲುಚೀಲ ಇರಬೇಕು. ಅಂಗಳದ ಚಪ್ಪಡಿ ಸಂಜೆಯೂ ಸುಡುತ್ತದೆ. ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ತೋರಿಸಿ, ಹೇಮಕೂಟ ಹತ್ತಿ ಸೂರ್ಯಾಸ್ತ. ಹೊತ್ತು ಮುಳುಗಿದ ಮೇಲೂ ಬಂಡೆ ದೋಸೆಹಂಚಿನಂತೆ ಬೆಚ್ಚಗಿರುತ್ತದೆ, ಟವೆಲ್ ಹಾಸಿಕೊಂಡು ಕೂರಬೇಕು. ಸೆಕೆಗೆಂದು ಯಾರಾದರೂ ಹೊಳೆಗಿಳಿಯುತ್ತೇನೆಂದರೆ ನಾನು ಬಿಡುವುದಿಲ್ಲ. ತುಂಗಭದ್ರೆಯ ಬಂಡೆಗಳ ಸಂದಿಯಲ್ಲಿ ಸುಳಿಗಳಿವೆ.

ವಿಜಯವಿಠ್ಠಲ, ಕಮಲಮಹಲ್, ಕಮಲಾಪುರದ ವಸ್ತುಸಂಗ್ರಹಾಲಯ ಮೂರಕ್ಕೂ ಒಂದೇ ಟಿಕೆಟ್, ಆದರೆ ಅದೇ ದಿನ ಬಳಸಬೇಕು. ಅದನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳುತ್ತೇನೆ: ಬಾಗಿಲು ತೆರೆಯುತ್ತಿದ್ದಂತೆ ವಿಠ್ಠಲ, ನಂತರ ಕಮಲಮಹಲ್, ಸುಡು ಮಧ್ಯಾಹ್ನ ವಸ್ತುಸಂಗ್ರಹಾಲಯದ ಛಾವಣಿಯ ಕೆಳಗೆ. ಅದಕ್ಕೆ ಶುಕ್ರವಾರ ರಜೆ ಎಂಬುದು ನೆನಪಿರಲಿ.

ಮೊನ್ನೆ ಮತ್ತೊಂದು ಪಟ್ಟಿ ಬಂತು. ಮೊದಲ ದಿನ, ಬೆಳಿಗ್ಗೆ ಹತ್ತು, ವಿಠ್ಠಲ. ಹೊಡೆದು ಹಾಕಿ 'ಸಂಜೆ ನಾಲ್ಕೂವರೆ, ವಿರೂಪಾಕ್ಷ' ಎಂದು ಬರೆದು ಕಳಿಸಿದೆ. ಸಂಸ್ಥೆಯ ಹುಡುಗ ಗಾಬರಿಯಿಂದ ಫೋನ್ ಮಾಡಿದ. 'ಸರ್, ಅಲ್ಲಿಯವರೆಗೆ ಜನ ಏನು ಮಾಡಬೇಕು? ಹಣ ಕೊಟ್ಟು ಬಂದಿರುತ್ತಾರೆ.'

'ಕಿಟಕಿಯ ಪರದೆ ದಪ್ಪವಾಗಿದೆಯೋ ಇಲ್ಲವೋ ಹೋಟೆಲಿನವರನ್ನು ಕೇಳಪ್ಪ' ಎಂದೆ.